ಪೇಟಿಯ ಮುಂದೆ ಒಂದು ಜೀವಮಾನ

ನಮ್ಮ ಮಕ್ತಲ್ ಸೀಮೆಯ ಹಳ್ಳಿಗಳಲ್ಲಿ ಹಾರ್ಮೋನಿಯಮ್ ಎಂಬ ವಾದ್ಯವನ್ನು ಕಾಣದವರು ಇಲ್ಲ. ಆದರೆ ಆ ಹೆಸರಿನಿಂದ ಅದನ್ನು ಕರೆಯುವವರು ಕಡಿಮೆ. ನಮಗೆ ಅದು ಪೇಟಿ. ನುಡಿಸುವವರು ಪೇಟಿ ಮಾಸ್ತರರು. ಶ್ರಾವಣದ ಸೋಮವಾರ ಗುಡಿಯ ಕಟ್ಟೆಯ ಮೇಲೆ ಭಜನೆ ಕೂಡಿದಾಗ ಮೊದಲು ಬಂದು ಕೂಡುವುದು ಪೇಟಿ. ಜಾತ್ರೆಯ ರಾತ್ರಿ ಬಯಲಾಟ ನಡೆದಾಗ ಬೆಳಗಿನ ಮಂಗಳದವರೆಗೆ ಕುಳಿತಲ್ಲಿಂದ ಏಳದಿರುವುದೂ ಪೇಟಿಯೇ. ವೇಷಧಾರಿಗೆ ಪದ ಮರೆತರೆ ಮುಂದಿನ ಸಾಲಿನ ಸ್ವರ ಹಿಡಿದು ನೆನಪು ಮಾಡಿಕೊಡುವವರು, ಹುಡುಗನೊಬ್ಬ ಹೆದರಿ ಎತ್ತರದ ಶ್ರುತಿ ಹಿಡಿದರೆ ಮೆಲ್ಲಗೆ ಕೆಳಗಿಳಿಸಿ ದಾರಿಗೆ ತರುವವರು, ಆಟ ಮುಗಿದ ಮೇಲೆ ಜನ ವೇಷಧಾರಿಗಳನ್ನು ಹೊಗಳುತ್ತಿರುವಾಗ ತಿದಿಯನ್ನು ಮಡಿಚಿ, ಪೇಟಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಸದ್ದಿಲ್ಲದೆ ಮನೆಗೆ ಹೋಗುವವರು ಈ ಮಾಸ್ತರರೇ.

ಕೆಲವು ದಿನಗಳ ಹಿಂದೆ ನಮ್ಮ ಭಾಗದ ಕನ್ನಡ ಮಾಧ್ಯಮ ಶಾಲೆಯೊಂದಕ್ಕೆ ಹೋಗಿದ್ದೆ. ಕಚೇರಿಯ ಕಬ್ಬಿಣದ ಕಪಾಟಿನ ಮೇಲೆ ಹಳೆಯ ಪರದೆಯ ಬಟ್ಟೆಯಲ್ಲಿ ಸುತ್ತಿದ ಚೌಕಾಕಾರದ ಗಂಟೊಂದು ಕಂಡಿತು. ನಾಲ್ಕನೆಯ ತರಗತಿಯ ಬಾಲಕಿಯೊಬ್ಬಳು ನನ್ನ ದೃಷ್ಟಿ ಅತ್ತ ಹೋದುದನ್ನು ಗಮನಿಸಿ, "ಇದ್ರಾಗ ಏನದ್ರಿ ಸರ್?" ಎಂದು ಕೇಳಿದಳು. ಇಳಿಸಿ ನೋಡಿದರೆ ಪೇಟಿ. ನುಡಿಸುತ್ತಿದ್ದ ಗುರುಗಳು ನಿವೃತ್ತರಾದ ಬಳಿಕ ಅದನ್ನು ಯಾರೂ ಮುಟ್ಟಿರಲಿಲ್ಲ. ತಿದಿಯ ಅಂಚು ಹರಿದಿತ್ತು. ಮಧ್ಯ ಸಪ್ತಕದಲ್ಲಿ ಎರಡು ಪಟ್ಟಿಗಳು ಒತ್ತಿದರೂ ದನಿಗೊಡುತ್ತಿರಲಿಲ್ಲ. ಅಲ್ಲಿಯೇ ಮಗನ ವರ್ಗಾವಣೆ ಪತ್ರಕ್ಕಾಗಿ ಬಂದು ಕುಳಿತಿದ್ದ ತಂದೆಯೊಬ್ಬರು ನಗುತ್ತ, "ಅದು ಕಲ್ತ್ರ ಹೊಟ್ಟಿಗೇನ್ ಬರ್ತದ್ರಿ?" ಎಂದರು. ಅವರು ಕುಚೋದ್ಯಕ್ಕೆ ಕೇಳಿದವರಲ್ಲ. ಹೊಲದಲ್ಲಿ ದುಡಿದು ಮಕ್ಕಳನ್ನು ಓದಿಸುವ ಯಾವ ತಂದೆಯಾದರೂ ಕೇಳಬಹುದಾದ ಪ್ರಶ್ನೆ ಅದು. ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದ ಮೇಲೆ ಇಬ್ಬರು ವಾದಕರ ಜೀವನ ನೆನಪಾಯಿತು. ಒಬ್ಬರು ಅಮೆರಿಕದವರು, ಇನ್ನೊಬ್ಬರು ನಮ್ಮ ಕನ್ನಡ ನಾಡಿನವರೇ. ಇಬ್ಬರ ಕೈಗೂ ಎಳೆಯ ವಯಸ್ಸಿನಲ್ಲಿ ಬಿಳಿ ಪಟ್ಟಿ, ಕರಿ ಪಟ್ಟಿಗಳು ಅಂಟಿಕೊಂಡವು. ಇಬ್ಬರೂ ತೊಂಬತ್ತು ದಾಟಿ ಬಾಳಿದರು. ಇಬ್ಬರೂ ಒಲಿದ ವಿದ್ಯೆಯನ್ನು ಬಲ್ಲವರು ಒಂದು ಕಾಲದಲ್ಲಿ ಹೊರಗಿಟ್ಟಿದ್ದರು.

ಮೊದಲನೆಯವರು ಯೂಬಿ ಬ್ಲೇಕ್. ಅಮೆರಿಕದ ಬಾಲ್ಟಿಮೋರ್ ಎಂಬ ಬಂದರು ನಗರದಲ್ಲಿ 1887ರ ಫೆಬ್ರವರಿ 7ರಂದು ಅವರ ಜನನ. ತಂದೆ ತಾಯಿ ಇಬ್ಬರೂ ಗುಲಾಮಗಿರಿಯಲ್ಲಿ ಹುಟ್ಟಿ, ಅದು ರದ್ದಾದ ಮೇಲೆ ಸ್ವತಂತ್ರರಾದವರು. ತಂದೆ ಹಡಗುಗಳಿಂದ ಸರಕು ಇಳಿಸುವ ಹಮಾಲಿ; ತಾಯಿ ಪರರ ಬಟ್ಟೆ ಒಗೆದು ದುಡಿಯುವ, ದೇವರಲ್ಲಿ ಬಲವಾದ ನಂಬಿಕೆಯುಳ್ಳ ಹೆಂಗಸು. ಹುಟ್ಟಿದ ಮಕ್ಕಳಲ್ಲಿ ಉಳಿದವನು ಈ ಒಬ್ಬನೇ. ತಾಯಿಯೊಡನೆ ಪೇಟೆಗೆ ಹೋದ ಎಳೆಯ ಬಾಲಕ ತಪ್ಪಿಸಿಕೊಂಡು ವಾದ್ಯಗಳ ಅಂಗಡಿಯೊಂದನ್ನು ಹೊಕ್ಕು, ಅಲ್ಲಿದ್ದ ಪಂಪ್ ಆರ್ಗನ್ನಿನ ಮೇಲೆ ಬೆರಳಾಡಿಸತೊಡಗಿದನಂತೆ. ಅಂಗಡಿಯವನು ಇದನ್ನು ನೋಡಿ ತಾಯಿಯ ಮನವೊಲಿಸಿದ. ವಾದ್ಯದ ಬೆಲೆ 75 ಡಾಲರ್. ಅದನ್ನು ವಾರಕ್ಕೆ 25 ಸೆಂಟಿನಂತೆ ಕಂತಿನಲ್ಲಿ ತೀರಿಸುವುದೆಂದು ಒಪ್ಪಂದವಾಯಿತು. ಲೆಕ್ಕದಲ್ಲಿ ಚುರುಕಾದ ನಮ್ಮ ಮಕ್ಕಳು ಕೂಡಲೇ ಹೇಳಬಲ್ಲರು: ಅದು 300 ವಾರಗಳ ಕಂತು, ಹತ್ತಿರ ಹತ್ತಿರ ಆರು ವರ್ಷ. ಪರರ ಬಟ್ಟೆ ಒಗೆದು ಬಂದ ಹಣದಲ್ಲಿ ಆರು ವರ್ಷ ಕಂತು ತುಂಬಲು ಒಪ್ಪಿದ ಆ ತಾಯಿಯನ್ನು ಓದುಗರು ನೆನಪಿನಲ್ಲಿಡಬೇಕು. ಅವಳ ವಿಷಯ ಮತ್ತೆ ಬರುತ್ತದೆ.

ಪಂಪ್ ಆರ್ಗನ್ ಎಂದರೆ ನಮ್ಮ ಪೇಟಿಯ ದಾಯಾದಿ. ಪಿಯಾನೋದಲ್ಲಿ ಪಟ್ಟಿಯನ್ನು ಒತ್ತಿದಾಗ ಒಳಗೊಂದು ಪುಟ್ಟ ಸುತ್ತಿಗೆ ತಂತಿಗೆ ಬಡಿಯುತ್ತದೆ. ಪಂಪ್ ಆರ್ಗನ್ನಿನಲ್ಲಿಯೂ ಪೇಟಿಯಲ್ಲಿಯೂ ತಂತಿಯಿಲ್ಲ, ಸುತ್ತಿಗೆಯಿಲ್ಲ. ಒಂದು ತುದಿ ಬಿಗಿದು ಇನ್ನೊಂದು ತುದಿ ಸಡಿಲ ಬಿಟ್ಟ ಹಿತ್ತಾಳೆಯ ತೆಳು ನಾಲಗೆಗಳಿವೆ. ಅವಕ್ಕೆ ರೀಡು ಎಂದು ಹೆಸರು. ಪಟ್ಟಿ ಒತ್ತಿದಾಗ ಆ ರೀಡಿನ ಬಾಗಿಲು ತೆರೆದು, ಗಾಳಿ ಹಾದು, ನಾಲಗೆ ಅದುರಿ ಸ್ವರ ಹೊರಡುತ್ತದೆ. ಉದ್ದನೆಯ ನಾಲಗೆಯದು ಮಂದ್ರ, ಗಿಡ್ಡ ನಾಲಗೆಯದು ತಾರ. ಹಾರ್ಮೋನಿಯಮ್ ಎಂಬ ಹೆಸರಿನ ವಾದ್ಯವನ್ನು 1840ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬೆಯ್ನ್ ರೂಪಿಸಿದರು. ಅದು ಕುರ್ಚಿಯ ಮೇಲೆ ಕುಳಿತು, ಕಾಲಿನಿಂದ ತುಳಿದು ನುಡಿಸುವ ವಾದ್ಯ. ನಮ್ಮವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂಡುವವರು. 1875ರ ಸುಮಾರಿಗೆ ಕಲ್ಕತ್ತೆಯ ದ್ವಾರಕಾನಾಥ ಘೋಷರು ಕಾಲಿನ ಕೆಲಸವನ್ನು ಎಡಗೈಗೆ ಕೊಟ್ಟು, ತಿದಿಯನ್ನು ಪೆಟ್ಟಿಗೆಯ ಬೆನ್ನಿಗೆ ಜೋಡಿಸಿ, ಎತ್ತಿಕೊಂಡು ಹೋಗಬಹುದಾದ ಪೇಟಿಯನ್ನು ಮಾಡಿದರು. ಅಲ್ಲಿಂದ ಅದು ನಾಟಕ ಕಂಪನಿಗಳ ಗಾಡಿಯೇರಿ ಹಳ್ಳಿ ಹಳ್ಳಿಗೆ ಬಂದಿತು.

ಬಾಲ್ಟಿಮೋರಿನ ಆ ಬಾಲಕನಿಗೆ ಮನೆಯಲ್ಲಿ ಕಲಿಸಿದುದು ದೇವರ ಹಾಡುಗಳನ್ನು. ಅವನ ಕಿವಿ ಮಾತ್ರ ಬೀದಿಯಲ್ಲಿ ಕೇಳಿದ ಇನ್ನೊಂದು ಸಂಗೀತದ ಕಡೆಗೆ ತಿರುಗಿತ್ತು. ಅದರ ಹೆಸರು ರ್‍ಯಾಗ್‌ಟೈಮ್. ನಮ್ಮ ರಾಗಕ್ಕೂ ಈ ರ್‍ಯಾಗ್‌ಗೂ ಯಾವ ಸಂಬಂಧವೂ ಇಲ್ಲ. ಅಂಚು ಹರಿದು ಚಿಂದಿಯಾದ ಬಟ್ಟೆಗೆ ಇಂಗ್ಲಿಷಿನಲ್ಲಿ ಹೇಳುವ ಮಾತಿನಿಂದ ಈ ಹೆಸರು ಬಂದಿತೆಂದು ಸಾಮಾನ್ಯವಾಗಿ ವಿವರಿಸುತ್ತಾರೆ: ಸರಿಯಾಗಿ ಕತ್ತರಿಸದೆ ಅಂಚು ಏರುಪೇರಾಗಿ ಬಿಟ್ಟ ಲಯ. ಮಕ್ಕಳಿಗೆ ಇದನ್ನು ವಾದ್ಯವಿಲ್ಲದೆಯೂ ತೋರಿಸಬಹುದು. ಎಡಗೈಯಿಂದ ತೊಡೆಯ ಮೇಲೆ ಒಂದು, ಎರಡು, ಮೂರು, ನಾಲ್ಕು ಎಂದು ಗಡಿಯಾರದಂತೆ ತಟ್ಟುತ್ತಿರಿ; ನಿಲ್ಲಿಸಬೇಡಿ. ಈಗ ಬಲಗೈಯಿಂದ ಆ ಪೆಟ್ಟುಗಳ ಮೇಲೆ ತಟ್ಟದೆ, ಎರಡು ಪೆಟ್ಟುಗಳ ನಡುವಿನ ಸಂದಿಯಲ್ಲಿ ತಟ್ಟಿ. ಮೊದಮೊದಲು ಎರಡೂ ಕೈ ಒಂದಾಗಿಬಿಡುತ್ತವೆ. ಒಂದಾಗದಂತೆ ಹಿಡಿದು ನಡೆಸುವುದೇ ರ್‍ಯಾಗ್‌ಟೈಮಿನ ಗುಟ್ಟು. ಎಡಗೈ ತಪ್ಪದೆ ನಡೆಯುತ್ತದೆ. ಬಲಗೈ ಅದರ ಮೇಲೆ ಜಿಗಿದು, ತಡೆದು, ಮುಂದೋಡಿ ಆಡುತ್ತದೆ. ತಾಳದ ಪೆಟ್ಟಿಗಿಂತ ಮುಂಚೆ ಅಥವಾ ತಡವಾಗಿ ಎತ್ತುಗಡೆ ಮಾಡುವುದನ್ನು ನಮ್ಮ ಲಯಶಾಸ್ತ್ರವೂ ಅತೀತ, ಅನಾಗತ ಎಂದು ಹೆಸರಿಟ್ಟು ಗುರುತಿಸಿದೆ. ಜಾತ್ರೆಯಲ್ಲಿ ಹಲಗೆ ಬಾರಿಸುವವರ ಕೈಯನ್ನು ಗಮನಿಸಿದವರಿಗೆ ಈ ಆಟ ಹೊಸದೆನಿಸದು.

ಈ ಸಂಗೀತದ ಹಿರಿಯ ರಚನಕಾರ ಸ್ಕಾಟ್ ಜೋಪ್ಲಿನ್. ಅವರ ತಂದೆಯೂ ಗುಲಾಮಗಿರಿಯಿಂದ ಹೊರಬಂದವರು. 1899ರಲ್ಲಿ ಪ್ರಕಟವಾದ 'ಮೇಪಲ್ ಲೀಫ್ ರ್‍ಯಾಗ್' ಎಂಬ ಅವರ ಕೃತಿ ದೇಶದಾದ್ಯಂತ ಪಿಯಾನೋ ಇದ್ದ ಮನೆಗಳನ್ನು ಹೊಕ್ಕಿತು. ಮಾರಾಟವಾದ ಪ್ರತಿಯೊಂದಕ್ಕೆ ಜೋಪ್ಲಿನ್‌ಗೆ ಒಂದು ಸೆಂಟ್ ಗೌರವಧನ. ಆದರೆ ಜನ ಮೆಚ್ಚಿದುದನ್ನು ಪಂಡಿತರು ಮೆಚ್ಚಲಿಲ್ಲ. ಮದ್ಯದಂಗಡಿಗಳಲ್ಲಿ, ಮೋಜಿನ ಮನೆಗಳಲ್ಲಿ ಕರಿಯ ಜನಾಂಗದವರು ನುಡಿಸುವ ಸಂಗೀತವೆಂಬ ಕಾರಣಕ್ಕೆ ಅದು ಮಕ್ಕಳ ಕಿವಿ ಕೆಡಿಸುತ್ತದೆಂದು ದೂರಿದರು. 1901ರಲ್ಲಿ ಅಮೆರಿಕದ ಸಂಗೀತಗಾರರ ಒಕ್ಕೂಟವು ತನ್ನ ಸಮ್ಮೇಳನದಲ್ಲಿ ಸದಸ್ಯರು ರ್‍ಯಾಗ್‌ಟೈಮ್ ನುಡಿಸುವುದನ್ನು ಬಿಡಬೇಕೆಂದು ನಿರ್ಣಯ ಮಾಡಿತು. ಆಗ ಯೂಬಿ ಬ್ಲೇಕ್‌ಗೆ ಹದಿನಾಲ್ಕು ವರ್ಷ.

ಮನೆಯಲ್ಲಿ ತಾಯಿಯ ನಿಲುವೂ ಅದೇ. ಆರ್ಗನ್ ಕೊಂಡುಕೊಟ್ಟವಳು ಅವಳೇ. ಅದರ ಮೇಲೆ ರ್‍ಯಾಗ್‌ಟೈಮ್ ನುಡಿಸಕೂಡದೆಂದು ಗದರಿಸಿದವಳೂ ಅವಳೇ. ಹದಿಹರೆಯದ ಹುಡುಗ ರಾತ್ರಿ ಹೆತ್ತವರು ಮಲಗಿದ ಮೇಲೆ ಮನೆಯಿಂದ ಹೊರಬಿದ್ದು, ಮೋಜಿನ ಮನೆಯೊಂದರಲ್ಲಿ ಪಿಯಾನೋ ನುಡಿಸತೊಡಗಿದ. ಬ್ಲೇಕ್ ಮುಪ್ಪಿನಲ್ಲಿ ನಗುತ್ತ ಹೇಳಿಕೊಳ್ಳುತ್ತಿದ್ದ ಕಥೆಯಿದು: ಆ ದಾರಿಯಲ್ಲಿ ಹಾದುಹೋದ ನೆರೆಯ ಹೆಂಗಸು ಒಳಗಿನಿಂದ ಬಂದ ಎಡಗೈಯ ನಡೆಯನ್ನು ಕೇಳಿಯೇ ಇದು ಇಂಥವರ ಮಗನದೆಂದು ಗುರುತಿಸಿ ತಾಯಿಗೆ ತಿಳಿಸಿದಳು. ಮನೆಯಲ್ಲಿ ದೊಡ್ಡ ರಾದ್ಧಾಂತವಾಯಿತು. ಹುಡುಗ ತಂದೆಯನ್ನು ಒಳಗೆ ಕರೆದು, ನೆಲಹಾಸಿನ ಕೆಳಗೆ ಬಚ್ಚಿಟ್ಟಿದ್ದ ತನ್ನ ಗಳಿಕೆಯನ್ನು ತೋರಿಸಿದ. ಹಗಲೆಲ್ಲ ಮೂಟೆ ಹೊತ್ತು ಬಂದ ತಂದೆ ಅದನ್ನು ನೋಡಿ ಮೆತ್ತಗಾದರು.

ಆ ತಾಯಿಯನ್ನು ನಾವು ಸುಲಭವಾಗಿ ತಪ್ಪಿತಸ್ಥಳೆನ್ನಲಾಗದು. ಮಗ ಹೋಗುತ್ತಿದ್ದ ಸ್ಥಳ ಯಾವ ತಾಯಿಯೂ ಒಪ್ಪುವಂಥದಲ್ಲ. ಅವಳು ಹೆದರಿದುದು ಸ್ಥಳಕ್ಕೆ, ತಡೆದುದು ಸಂಗೀತವನ್ನು. ಎರಡನ್ನೂ ಬೇರೆಬೇರೆಯಾಗಿ ನೋಡಲು ಆ ಕಾಲದಲ್ಲಿ ಅವಳಿಗೆ ಸಹಾಯ ಮಾಡುವವರು ಯಾರೂ ಇರಲಿಲ್ಲ. ಆ ಸಂಗೀತವನ್ನು ಒಳ್ಳೆಯ ಜಾಗದಲ್ಲಿ ಕಲಿಸುವ ಒಂದು ಶಾಲೆ ಇದ್ದಿದ್ದರೆ ಹುಡುಗ ರಾತ್ರಿ ಕದ್ದು ಹೋಗಬೇಕಾಗಿರಲಿಲ್ಲ. ಇದು ನಮ್ಮ ಮನೆಗಳಿಗೂ ಸಲ್ಲುವ ಮಾತು. ಬಯಲಾಟಕ್ಕೆ ಹೋದರೆ ಹುಡುಗ ಕೆಡುತ್ತಾನೆಂದು ಹಿರಿಯರು ಗದರಿಸುತ್ತಿದ್ದ ಕಾಲವನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ.

ಬ್ಲೇಕ್ ಅವರ ಮುಂದಿನ ಬಾಳು ಏರಿಳಿತಗಳದು. 1921ರಲ್ಲಿ ನೋಬಲ್ ಸಿಸಲ್ ಅವರೊಡನೆ ಕೂಡಿ ರಚಿಸಿದ 'ಶಫಲ್ ಅಲಾಂಗ್' ಎಂಬ ಸಂಗೀತ ನಾಟಕ ನ್ಯೂಯಾರ್ಕಿನ ರಂಗಭೂಮಿಯಲ್ಲಿ ದೊಡ್ಡ ಯಶಸ್ಸು ಕಂಡಿತು. ಅನಂತರ ಜನರ ರುಚಿ ಬದಲಾಯಿತು, ರ್‍ಯಾಗ್‌ಟೈಮ್ ಹಳೆಯದಾಯಿತು, ಅವರೂ ಮರೆವಿಗೆ ಸರಿದರು. ಆಗ ಅವರು ಮಾಡಿದ ಕೆಲಸ ನಮ್ಮ ಶಾಲೆಯ ಮಕ್ಕಳಿಗೆ ಹೇಳತಕ್ಕದ್ದು. ಅರವತ್ತರ ಹೊಸ್ತಿಲಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯವನ್ನು ಸೇರಿ, ತಮಗಿಂತ ತುಂಬ ಕಿರಿಯರ ಜೊತೆ ಕುಳಿತು ಸಂಗೀತ ರಚನೆಯನ್ನು ವ್ಯಾಸಂಗ ಮಾಡಿ 1950ರಲ್ಲಿ ಪದವಿ ಪಡೆದರು. 1969ರಲ್ಲಿ ಅವರ ಧ್ವನಿಮುದ್ರಿಕೆ ಹೊರಬಂದಾಗ ಎಂಬತ್ತೆರಡರ ಈ ವೃದ್ಧ ಹೊಸ ತಲೆಮಾರಿಗೆ ಪರಿಚಯವಾದರು. 1981ರಲ್ಲಿ ಅಮೆರಿಕದ ಅಧ್ಯಕ್ಷರು ನೀಡುವ ಸ್ವಾತಂತ್ರ್ಯ ಪದಕ ಅವರಿಗೆ ಬಂದಿತು. 1983ರ ಫೆಬ್ರವರಿ 12ರಂದು ತೀರಿಕೊಂಡಾಗ ಅವರಿಗೆ ತೊಂಬತ್ತಾರು ವರ್ಷ. ಹುಡುಗನಾಗಿದ್ದಾಗ ಕದ್ದು ನುಡಿಸಿದ ಸಂಗೀತವನ್ನೇ ತೊಂಬತ್ತು ದಾಟಿದ ಮೇಲೂ ಸಾವಿರಾರು ಜನರ ಮುಂದೆ ನುಡಿಸಿದರು.

ಜೋಪ್ಲಿನ್‌ಗೆ ಅಷ್ಟು ಆಯುಷ್ಯ ಸಿಗಲಿಲ್ಲ. ಅವರು 'ಟ್ರೀಮೊನಿಷಾ' ಎಂಬ ಸಂಗೀತ ನಾಟಕವನ್ನು ಬರೆದು 1911ರಲ್ಲಿ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ್ದರು. ಓದು ಕಲಿತ ಯುವತಿಯೊಬ್ಬಳು ತನ್ನ ಊರಿನವರನ್ನು ಮೂಢನಂಬಿಕೆಯಿಂದ ಬಿಡಿಸಿ ಮುನ್ನಡೆಸುವ ಕಥೆ ಅದು. ವೇಷವಿಲ್ಲದೆ, ವಾದ್ಯಮೇಳವಿಲ್ಲದೆ, ತಾವೊಬ್ಬರೇ ಪಿಯಾನೋ ನುಡಿಸಿ ಅದನ್ನು 1915ರಲ್ಲಿ ಒಮ್ಮೆ ಕೇಳಿಸಿದರು, ಜನ ಗಮನಿಸಲಿಲ್ಲ. 1917ರ ಏಪ್ರಿಲ್ 1ರಂದು ಜೋಪ್ಲಿನ್ ತೀರಿಕೊಂಡರು. ಆ ನಾಟಕ ಪೂರ್ಣವಾಗಿ ರಂಗವೇರಿದುದು 1972ರಲ್ಲಿ. 1976ರಲ್ಲಿ ಪುಲಿಟ್ಜರ್ ಸಂಸ್ಥೆ ಅವರಿಗೆ ಮರಣೋತ್ತರ ವಿಶೇಷ ಗೌರವ ಸಲ್ಲಿಸಿತು.

ಜೋಪ್ಲಿನ್ ಕಣ್ಣು ಮುಚ್ಚಿದ ಅದೇ 1917ರಲ್ಲಿ, ಜನವರಿ 7ರಂದು, ಬೆಳಗಾವಿ ಜಿಲ್ಲೆಯ ಕಾಗವಾಡದಲ್ಲಿ ರಾಮಭಾವು ಬಿಜಾಪುರೆ ಹುಟ್ಟಿದರು. ಇವರೇ ನಾನು ಹೇಳಬೇಕೆಂದ ಎರಡನೆಯ ವಾದಕರು. ಕಾಗವಾಡವೂ ನಮ್ಮ ಮಕ್ತಲಿನಂತೆ ಗಡಿಯ ಸೀಮೆ. ಇಲ್ಲಿ ಕನ್ನಡದ ಜೊತೆ ತೆಲುಗು, ಉರ್ದು. ಅಲ್ಲಿ ಕನ್ನಡದ ಜೊತೆ ಮರಾಠಿ. ಎರಡೂ ಭಾಷೆಗಳ ನಾಟಕ ಕಂಪನಿಗಳು, ಎರಡೂ ಭಾಷೆಗಳ ಭಜನೆ ಕೀರ್ತನೆಗಳು ಆ ಸೀಮೆಯ ಮಕ್ಕಳ ಕಿವಿಗೆ ಬೀಳುತ್ತಿದ್ದವು. ಬಿಜಾಪುರೆಯವರು ಅಣ್ಣಿಗೇರಿ ಮಲ್ಲಯ್ಯನವರಲ್ಲಿ ಮೊದಲ ಪಾಠ ಹೇಳಿಸಿಕೊಂಡರು. ಪೇಟಿಯೊಂದನ್ನೇ ಕಲಿತರೆ ಸಾಲದು, ಹಾಡುವವರ ಮನಸ್ಸು ತಿಳಿಯಬೇಕೆಂದು ರಾಮಕೃಷ್ಣಬುವಾ ವಝೆ ಮೊದಲಾದ ಹಿರಿಯರಲ್ಲಿ ಗಾಯನವನ್ನೂ ಅಭ್ಯಾಸ ಮಾಡಿದರು. 1938ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಬೆಳಗಾವಿಯಲ್ಲಿ ಶ್ರೀರಾಮ ಸಂಗೀತ ಮಹಾವಿದ್ಯಾಲಯವೆಂಬ ಶಾಲೆಯನ್ನು ತೆರೆದರು. ಊರಿನವರಿಗೆಲ್ಲ ಅವರು 'ಬಿಜಾಪುರೆ ಮಾಸ್ತರ' ಆದರು.

ಶಾಲೆ ತೆರೆದ ಎರಡನೆಯ ವರ್ಷಕ್ಕೆ ಪೇಟಿಯ ಮೇಲೆ ಪೆಟ್ಟು ಬಿದ್ದಿತು. 1940ರ ಮಾರ್ಚ್ 1ರಿಂದ ಆಕಾಶವಾಣಿಯು ತನ್ನ ಎಲ್ಲ ಕೇಂದ್ರಗಳಲ್ಲಿ ಹಾರ್ಮೋನಿಯಮ್ಮನ್ನು ನಿಷೇಧಿಸಿತು. ಇದು ಕೇವಲ ಅಧಿಕಾರಿಗಳ ಹಟವಾಗಿರಲಿಲ್ಲ. ರವೀಂದ್ರನಾಥ ಠಾಕೂರರಂಥವರೇ ಈ ವಾದ್ಯವನ್ನು ಒಪ್ಪಿರಲಿಲ್ಲ. ಅವರ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ನಮ್ಮ ಗಾಯನದಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ದನಿ ಜಾರಿಕೊಂಡು ಹೋಗುತ್ತದೆ. ಅದಕ್ಕೆ ಮೀಂಡ್ ಎನ್ನುತ್ತಾರೆ. ಪೇಟಿಯಲ್ಲಿ ಒಂದು ಪಟ್ಟಿಗೂ ಇನ್ನೊಂದು ಪಟ್ಟಿಗೂ ನಡುವೆ ಏನೂ ಇಲ್ಲ, ಜಾರಲು ದಾರಿಯಿಲ್ಲ. ಒಂದೊಂದು ರಾಗದಲ್ಲಿ ಗಾಂಧಾರ, ಧೈವತಗಳು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾಗಿ ನಿಲ್ಲುತ್ತವೆ. ಪೇಟಿಯಲ್ಲಿ ಸಪ್ತಕಕ್ಕೆ ಹನ್ನೆರಡೇ ಮನೆ, ಎಲ್ಲ ರಾಗಗಳಿಗೂ ಅವೇ ಮನೆ. ಸಾರಂಗಿ, ಪಿಟೀಲುಗಳಿಗೆ ಈ ಕೊರತೆಗಳಿಲ್ಲ. ಹೀಗಾಗಿ ಬಾನುಲಿಯಲ್ಲಿ ಗಾಯಕರಿಗೆ ಅವುಗಳದೇ ಜೊತೆ ದೊರೆಯಿತು. 1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದಾಗ ಆ ಭಾಗದ ಗಾಯಕರಿಗೆ ಸಂಭ್ರಮವಾಯಿತು. ಪೇಟಿ ಮಾಸ್ತರರಿಗೆ ಬಾಗಿಲು ಮುಚ್ಚಿಯೇ ಇತ್ತು. ನಿರ್ಬಂಧ ಸಡಿಲವಾದುದು 1971ರಲ್ಲಿ, ಅದೂ ಒಮ್ಮೆಗೇ ಪೂರ್ತಿಯಾಗಿ ಅಲ್ಲ. ನಿಷೇಧ ಬಂದಾಗ ಬಿಜಾಪುರೆಯವರಿಗೆ ಇಪ್ಪತ್ತಮೂರು, ಸಡಿಲವಾದಾಗ ಐವತ್ತನಾಲ್ಕು. ಕಲಾವಿದನೊಬ್ಬನ ತುಂಬು ಹರೆಯದ ಮೂವತ್ತೊಂದು ವರ್ಷಗಳು ಹೀಗೆ ಕಳೆದವು.

ಆ ಅವಧಿಯಲ್ಲಿ ಅವರು ಪೇಟಿಯನ್ನು ಬಿಟ್ಟು ಪಿಟೀಲು ಹಿಡಿಯಬಹುದಾಗಿತ್ತು. ಹಿಡಿಯಲಿಲ್ಲ. ಬಾನುಲಿಯ ಬಾಗಿಲು ಮುಚ್ಚಿದ್ದರೂ ಕಚೇರಿಯ ವೇದಿಕೆಗಳು, ಉತ್ಸವಗಳು, ಮನೆಯ ಬೈಠಕ್‌ಗಳು ತೆರೆದಿದ್ದವು. ಅಲ್ಲಿ ಅವರು ತಲೆಮಾರುಗಳ ಗಾಯಕರಿಗೆ ಸಾಥ್ ನೀಡಿದರು. ತಮ್ಮ ಗುರು ವಝೆಬುವಾ ಅವರ ಕಾಲದಿಂದ ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ, ಕುಮಾರ ಗಂಧರ್ವರವರೆಗೆ ಹಿಂದುಸ್ತಾನಿ ಸಂಗೀತದ ದೊಡ್ಡ ಹೆಸರುಗಳೆಲ್ಲ ಅವರ ಪೇಟಿಯ ಮಗ್ಗುಲಲ್ಲಿ ಕುಳಿತು ಹಾಡಿದ್ದಾರೆ. ಸಾಥ್ ನೀಡುವುದೆಂದರೆ ಸುಲಭದ ಕೆಲಸವಲ್ಲ. ಗಾಯಕರು ಮುಂದೆ ಯಾವ ಸ್ವರಕ್ಕೆ ಹೋಗುವರೆಂದು ಮೊದಲೇ ಹೇಳುವುದಿಲ್ಲ. ಅವರು ಹೋದ ಮೇಲೆ ಹಿಂಬಾಲಿಸಿದರೆ ತಡವಾಗುತ್ತದೆ, ಮುಂದೆ ಹೋದರೆ ಉದ್ಧಟತನವಾಗುತ್ತದೆ. ಅವರ ನೆರಳಿನಂತೆ ಅರೆಕ್ಷಣದ ಅಂತರದಲ್ಲಿ ನಡೆದು, ಅವರು ಉಸಿರೆಳೆಯಲು ನಿಂತ ಬಿಡುವನ್ನು ತುಂಬಿ, ಮತ್ತೆ ಅವರು ದನಿ ತೆಗೆಯುತ್ತಲೇ ಹಿಂದೆ ಸರಿಯಬೇಕು. ಇಷ್ಟಾದರೂ ಚಪ್ಪಾಳೆ ಗಾಯಕರದು.

ಪೇಟಿಯ ಕೊರತೆಗಳನ್ನು ಬಿಜಾಪುರೆಯವರು ವಾದದಿಂದ ಅಲ್ಲಗಳೆಯಲು ಹೋಗಲಿಲ್ಲ. ಬೆರಳಿನಿಂದ ಉತ್ತರ ಕೊಟ್ಟರು. ಜಾರಲು ಬಾರದ ವಾದ್ಯದಲ್ಲಿ ಒಂದು ಪಟ್ಟಿಯನ್ನು ಬಿಡುವ ಮುನ್ನವೇ ಮುಂದಿನದನ್ನು ಹಗುರವಾಗಿ ಮುಟ್ಟಿ, ತಿದಿಯ ಗಾಳಿಯನ್ನು ಹಿಡಿದು ಬಿಟ್ಟು ಮಾಡಿ, ಕೇಳುವವರ ಕಿವಿಗೆ ಹಾಡಿದಂತೆಯೇ ಭಾಸವಾಗುವ ಹಾಗೆ ನುಡಿಸಬಹುದು. ಗಾಯನವನ್ನು ಕಲಿತ ಪೇಟಿ ವಾದಕರ ದಾರಿಯೇ ಅದು. ಸಾಥ್ ಮಾತ್ರವಲ್ಲದೆ ಪೇಟಿಯೊಂದನ್ನೇ ಮುಂದಿಟ್ಟುಕೊಂಡು ಸ್ವತಂತ್ರ ವಾದನವನ್ನೂ ಅವರು ಬೆಳೆಸಿದರು. ಬೆಳಗಾವಿಯ ಅವರ ಶಾಲೆಯಲ್ಲಿ ಕಲಿತವರು ಸಾವಿರಾರು. ರವೀಂದ್ರ ಕಾಟೋಟಿ, ಸುಧಾಂಶು ಕುಲಕರ್ಣಿಯವರಂಥ ಶಿಷ್ಯರು ಪೇಟಿಯ ಸ್ವತಂತ್ರ ವಾದನವನ್ನು ಮುಂದಕ್ಕೆ ಒಯ್ದಿದ್ದಾರೆ. ಬಿಜಾಪುರೆಯವರು 2010ರ ನವೆಂಬರ್ 19ರಂದು, ತೊಂಬತ್ತಮೂರರ ವಯಸ್ಸಿನಲ್ಲಿ, ಬೆಳಗಾವಿಯಲ್ಲಿ ತೀರಿಕೊಂಡರು.

ಅದೇ ವರ್ಷದ ಸೆಪ್ಟೆಂಬರ್ 17ರಂದು ಗದಗಿನ ಪುಟ್ಟರಾಜ ಗವಾಯಿಗಳು ಲಿಂಗೈಕ್ಯರಾಗಿದ್ದರು. ಅವರ ಹೆಸರು ನಮ್ಮ ಮನೆಗಳಿಗೆ ಇನ್ನೂ ಹತ್ತಿರದ್ದು. ಬಾಲ್ಯದಲ್ಲಿಯೇ ದೃಷ್ಟಿ ಕಳೆದುಕೊಂಡ ಅವರು ಪೇಟಿ ಸೇರಿದಂತೆ ಹಲವು ವಾದ್ಯಗಳಲ್ಲಿ ಪರಿಣತರಾಗಿ, ತಮ್ಮ ಗುರು ಪಂಚಾಕ್ಷರಿ ಗವಾಯಿಗಳ ಬಳಿಕ ವೀರೇಶ್ವರ ಪುಣ್ಯಾಶ್ರಮವನ್ನು ನಡೆಸಿದರು. ಕಣ್ಣಿಲ್ಲದ, ದಿಕ್ಕಿಲ್ಲದ ಎಷ್ಟೋ ಮಕ್ಕಳು ಅಲ್ಲಿ ಅನ್ನದ ಜೊತೆ ಸ್ವರವನ್ನು ಪಡೆದು, ಪುರಾಣ ಪ್ರವಚನಗಳಿಗೆ ಪೇಟಿ, ತಬಲಾ ನುಡಿಸುತ್ತ ಸ್ವಂತ ಕಾಲ ಮೇಲೆ ನಿಂತರು. ಹೊಟ್ಟೆಗೆ ಏನು ಬರುತ್ತದೆಂದು ಕೇಳಿದ ಆ ತಂದೆಗೆ ಗದಗಿನ ಆಶ್ರಮವೇ ಒಂದು ಉತ್ತರ.

ಆದರೆ ಅದನ್ನೇ ಪೂರ್ತಿ ಉತ್ತರವೆಂದರೆ ನಾನು ಅವರಿಗೆ ಸುಳ್ಳು ಹೇಳಿದಂತಾಗುತ್ತದೆ. ಪೇಟಿ ಕಲಿತ ನೂರು ಮಕ್ಕಳಲ್ಲಿ ಅದರಿಂದಲೇ ಜೀವನ ಮಾಡುವವರು ಒಬ್ಬಿಬ್ಬರು ಇದ್ದಾರು. ಉಳಿದವರು ಶಿಕ್ಷಕರಾಗುತ್ತಾರೆ, ರೈತರಾಗುತ್ತಾರೆ, ಹೈದರಾಬಾದಿಗೆ ದುಡಿಯಲು ಹೋಗುತ್ತಾರೆ. ಅವರಿಗೆ ಪೇಟಿಯಿಂದ ಸಿಗುವುದು ಸಂಬಳವಲ್ಲ. ದಿನಕ್ಕೆ ಅರ್ಧ ಗಂಟೆ ಒಂದೇ ಪಾಠವನ್ನು ತಪ್ಪು ತಿದ್ದಿಕೊಳ್ಳುತ್ತ ನುಡಿಸುವ ಮಗು ತಾಳ್ಮೆ ಕಲಿಯುತ್ತದೆ. ಇನ್ನೊಬ್ಬರ ಹಾಡಿಗೆ ಸಾಥ್ ನೀಡುವ ಮಗು, ಎದುರಿಗಿದ್ದವರನ್ನು ಕಿವಿಗೊಟ್ಟು ಕೇಳುವುದನ್ನು ಕಲಿಯುತ್ತದೆ. ನಿತ್ಯದ ದುಡಿತದ ಬಳಿಕ ಗುಡಿಯ ಕಟ್ಟೆಗೆ ಬಂದು ಕೂಡಲು ಅದಕ್ಕೊಂದು ಜಾಗ ಇರುತ್ತದೆ. ವಾರಕ್ಕೆ 25 ಸೆಂಟ್ ಕಂತು ತುಂಬಿದ ಆ ಅಗಸಗಿತ್ತಿ ತಾಯಿ ಮಗನ ಸಂಬಳದ ಲೆಕ್ಕ ಹಾಕಿ ತುಂಬಿದವಳಲ್ಲ. ಮಗು ವಾದ್ಯದ ಮುಂದಿನಿಂದ ಏಳಲೊಲ್ಲದೆ ಕುಳಿತುದನ್ನು ಕಂಡು ತುಂಬಿದವಳು.

ಇದರೊಡನೆ ನಮ್ಮ ಸೀಮೆಗೇ ವಿಶೇಷವಾದ ಇನ್ನೊಂದು ಮಾತಿದೆ. ಜೋಪ್ಲಿನ್ ತಮ್ಮ ಕೃತಿಗಳನ್ನು ಬರೆದಿಟ್ಟರು. ಆದುದರಿಂದ ಅರ್ಧ ಶತಮಾನದ ಮರೆವಿನ ಬಳಿಕವೂ ಅವುಗಳನ್ನು ಎತ್ತಿ ನುಡಿಸಲು ಸಾಧ್ಯವಾಯಿತು. ಬಿಜಾಪುರೆಯವರು ಶಾಲೆ ಕಟ್ಟಿದರು. ಆದುದರಿಂದ ಅವರ ಬೆರಳಿನ ನಡೆ ಶಿಷ್ಯರ ಬೆರಳಲ್ಲಿ ಉಳಿಯಿತು. ನಮ್ಮ ಪೇಟಿ ಮಾಸ್ತರರಲ್ಲಿ ಹೆಚ್ಚಿನವರು ಬರೆದಿಟ್ಟಿಲ್ಲ. ಅವರಿಗೆ ಶಾಲೆಯೂ ಇಲ್ಲ. ಯಾವ ಬಯಲಾಟದ ಯಾವ ಪದವನ್ನು ಯಾವ ಮಟ್ಟಿನಲ್ಲಿ ಎತ್ತಬೇಕು, ಯಾವ ತತ್ವಪದಕ್ಕೆ ಯಾವ ನಡೆ, ಯಾವ ಪಾತ್ರದ ಪ್ರವೇಶಕ್ಕೆ ಯಾವ ಸ್ವರ ಎಂಬುದು ಅವರ ನೆನಪಿನಲ್ಲಿ ಮಾತ್ರ ಇದೆ. ಕೃಷ್ಣೆಯ ಈ ದಡದಲ್ಲಿ ಕನ್ನಡದ ಪದಗಳನ್ನು ಹಾಡುವ ಊರುಗಳು ಎಣಿಕೆಗೆ ಸಿಗುವಷ್ಟೇ. ಒಬ್ಬ ಮಾಸ್ತರರು ಹೋದರೆ ಆ ಊರಿನ ಪದಗಳ ಸಾಹಿತ್ಯ ಎಲ್ಲೋ ಪುಸ್ತಕದಲ್ಲಿ ಉಳಿದರೂ ಮಟ್ಟು ಉಳಿಯುವುದಿಲ್ಲ.

ಆದುದರಿಂದ ಪಾಲಕರಲ್ಲಿಯೂ ಗುರುಗಳಲ್ಲಿಯೂ ಎರಡು ಬಿನ್ನಹಗಳಿವೆ. ಮೊದಲನೆಯದು, ಶಾಲೆಯಲ್ಲಿಯೋ ಗುಡಿಯಲ್ಲಿಯೋ ಮೂಲೆ ಸೇರಿದ ಪೇಟಿಯಿದ್ದರೆ ಅದನ್ನು ಕೆಳಗಿಳಿಸಿ ನೋಡಿರಿ. ದನಿ ಬಾರದ ಪಟ್ಟಿಯ ರೀಡು ಮುರಿದೇ ಇರಬೇಕೆಂದಿಲ್ಲ. ಅನೇಕ ವೇಳೆ ಧೂಳಿನ ಕಣವೊಂದು ನಾಲಗೆಯ ಸಂದಿಯಲ್ಲಿ ಸಿಕ್ಕಿಕೊಂಡಿರುತ್ತದೆ. ತಿದಿ ಹರಿದಿದ್ದರೆ ಹೊಸ ಬಟ್ಟೆ ಹಚ್ಚಿಸಬಹುದು. ಆದರೆ ರೀಡನ್ನು ಮನೆಯಲ್ಲಿ ಕೆರೆಯಲು ಹೋಗಬಾರದು, ಶ್ರುತಿ ಕೆಡುತ್ತದೆ. ಬಲ್ಲವರ ಕೈಗೆ ಕೊಡಬೇಕು. ಎರಡನೆಯದು, ನಿಮ್ಮ ಊರಿನ ಪೇಟಿ ಮಾಸ್ತರರನ್ನು ಶನಿವಾರ ಒಂದು ಗಂಟೆ ಶಾಲೆಗೆ ಬರಮಾಡಿಕೊಳ್ಳಿರಿ. ಅವರು ಹಾಡಿ ನುಡಿಸುವುದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, ಮಕ್ಕಳಿಂದ ವಹಿಯೊಂದರಲ್ಲಿ ಬರೆಯಿಸಿರಿ: ಪದದ ಮೊದಲ ಸಾಲು, ಯಾವ ಆಟದ್ದು, ಯಾವ ಪಟ್ಟಿಯ ಮೇಲೆ ಷಡ್ಜ, ಯಾವ ತಾಳ, ಮಾಸ್ತರರು ಅದನ್ನು ಯಾರಿಂದ ಕಲಿತರು. ಏಳನೆಯ ತರಗತಿಯ ಮಗು ಮಾಡಬಲ್ಲ ಕೆಲಸವಿದು. ಕನ್ನಡದ ಪಾಠವೂ ಅದರಲ್ಲಿಯೇ ಆಗುತ್ತದೆ.

ನಾನು ಹೋಗಿದ್ದ ಶಾಲೆಯ ಪೇಟಿಯನ್ನು ಅಲ್ಲಿಯ ಗುರುಗಳು ದುರಸ್ತಿಗೆ ಕಳಿಸುವುದಾಗಿ ಹೇಳಿದ್ದಾರೆ. ಅದು ಮರಳಿ ಬಂದ ಮೇಲೆ "ಇದ್ರಾಗ ಏನದ್ರಿ?" ಎಂದು ಕೇಳಿದ ಬಾಲಕಿಯನ್ನೇ ಮೊದಲು ಅದರ ಮುಂದೆ ಕೂಡಿಸಬೇಕೆಂದು ಅವರಲ್ಲಿ ಕೇಳಿಕೊಂಡಿದ್ದೇನೆ. ಅವಳು ಮುಂದೆ ಏನಾಗುವಳೆಂಬ ಲೆಕ್ಕ ಈಗ ಬೇಡ. ಎಡಗೈ ತಿದಿಯ ಮೇಲೆ, ಬಲಗೈ ಬಿಳಿ ಪಟ್ಟಿಯ ಮೇಲೆ ಇಟ್ಟು ಅವಳು ಮೊದಲ ಷಡ್ಜ ಹಿಡಿಯಲಿ.